ಸ್ಟ್ರಿಪ್ ತಿರುಗಿಸಿ ಓದಿ: ಕೀಲು ನೋವಿನ ಮಾತ್ರೆ, ನಿಮ್ಮ ಪ್ರಶ್ನೆಗಳು

ಕೀಲು ನೋವಿನ ಬಗ್ಗೆ ಕೇಳಿ ಅಂತ ಕಳೆದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನೋವಿನ ಮಾತ್ರೆ ಬಗ್ಗೆಯೇ ಇವೆ. ತಗೊಳ್ಳಲೂ ಭಯ, ಬಿಡಲೂ ಭಯ. ನನಗದು ಚೆನ್ನಾಗಿ ಅರ್ಥವಾಗುತ್ತದೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದೆ ನಿಂತು ಸ್ಟ್ರಿಪ್ ಕತ್ತರಿಸಿದವಳು ನಾನು. ಆ ಕತ್ತರಿ ಹಿಡಿದೇ ಬಲಗೈ ಹೆಬ್ಬೆರಳಿನ ಬುಡ ಸವೆದುಹೋಯಿತೇನೋ ಅಂತ ನನ್ನ ಅನುಮಾನ. ಹೀಗಾಗಿ ಈ ಮಾತ್ರೆ ಕೊಟ್ಟೂ ಗೊತ್ತು, ತಿಂದೂ ಗೊತ್ತು. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಕಾಯಿಲೆ ಯಾವುದು ಅಂತ ಹೇಳುವುದು ಅವರ ಕೆಲಸ. ಒಂದು ಮಾತ್ರೆ ಇನ್ನೊಂದರ ಪಕ್ಕ ಕೂತರೆ ಏನಾಗುತ್ತದೆ ಅನ್ನುವುದು ನನ್ನ ಕೆಲಸ.

ಪ್ರಶ್ನೆ: ನನಗೆ 67 ವರ್ಷ, ನಿವೃತ್ತ ಶಿಕ್ಷಕಿ. ಎರಡೂ ಮಂಡಿ ಸವೆದಿವೆ. ಬಿಪಿಗೆ ಟೆಲ್ಮಿಸಾರ್ಟನ್ ಇದೆ, ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆಯೂ ಇದೆ. ಮಂಡಿಗೆ ಡೈಕ್ಲೋಫೆನಾಕ್ 50, ದಿನಕ್ಕೆ ಎರಡು. ಐದು ದಿನಕ್ಕೆ ಅಂತ ಬರೆದುಕೊಟ್ಟಿದ್ದು, ಆರಾಮ ಅನಿಸಿತು ಅಂತ ನಾಲ್ಕು ತಿಂಗಳಿಂದ ನಾನೇ ಮುಂದುವರಿಸಿದ್ದೇನೆ. ಈಗ ಸಂಜೆ ಹೊತ್ತಿಗೆ ಪಾದ ಊದುತ್ತದೆ. ಬಿಪಿ ಕೂಡ ಏರಿದೆ. ಬಿಪಿ ಮಾತ್ರೆ ಜಾಸ್ತಿ ಮಾಡಿಸಬೇಕಾ?

ಉತ್ತರ: ಮೇಡಂ, ಬಿಪಿ ಮಾತ್ರೆಯ ಮೇಲೆ ಅನುಮಾನ ಆಮೇಲೆ ಪಡೋಣ. ಅದರ ಕಾಲು ಎಳೆಯುತ್ತಿರುವುದು ಪಕ್ಕದಲ್ಲಿರುವ ಡೈಕ್ಲೋಫೆನಾಕ್ ಅಂತ ನನಗೆ ಅನಿಸುತ್ತದೆ.

ಪೆಟ್ಟಾದ ಕಡೆ, ಸವೆದ ಕಡೆ ನಮ್ಮ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಊತ, ನೋವು, ಬಿಸಿ ಎಲ್ಲದರಲ್ಲೂ ಅದರ ಕೈವಾಡ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಅಸೆಕ್ಲೋಫೆನಾಕ್, ಎಟೊರಿಕಾಕ್ಸಿಬ್, ಹೀಗೆ ಈ ಗುಂಪಿನ ಮಾತ್ರೆಗಳೆಲ್ಲ ಮಾಡುವುದು ಒಂದೇ ಕೆಲಸ, ಆ ತಯಾರಿಯನ್ನು ತಡೆಯುವುದು. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಅಂತ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು. ಆದರೆ ಮಂಡಿಯಲ್ಲಿ ನೋವು ಕೊಡುವ ಆ ಪ್ರೊಸ್ಟಗ್ಲಾಂಡಿನ್ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ಕಿಡ್ನಿಗೆ ರಕ್ತ ತರುವ ನಾಳವನ್ನು ತೆರೆದಿಡುತ್ತದೆ. ನುಂಗಿದ ಮಾತ್ರೆಗೆ ಮಂಡಿ ಯಾವುದು, ಕಿಡ್ನಿ ಯಾವುದು ಅಂತ ಗೊತ್ತಾಗುವುದಿಲ್ಲ.

ಈಗ ನಿಮ್ಮ ಮೂರು ಮಾತ್ರೆ ನೋಡಿ. ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಸಣ್ಣ ಉಂಡೆಗಳಿವೆ. ಪ್ರತಿಯೊಂದಕ್ಕೂ ರಕ್ತ ಬರುವ ನಾಳ ಒಂದು, ಹೋಗುವ ನಾಳ ಇನ್ನೊಂದು. ಡೈಕ್ಲೋಫೆನಾಕ್ ಬರುವ ನಾಳವನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟನ್ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಮೂತ್ರದ ಮಾತ್ರೆ ಒಟ್ಟು ನೀರನ್ನೇ ಕಡಿಮೆ ಮಾಡುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ, ಕೆಳಗೆ ತೂಬು ತೆರೆದಿದೆ, ಮೇಲಿನ ಟ್ಯಾಂಕೂ ಅರ್ಧ ಖಾಲಿ. ಸೋಸಲು ಬೇಕಾದ ಒತ್ತಡ ಎಲ್ಲಿಂದ ಬರಬೇಕು? ಒಂದೊಂದೇ ಇದ್ದಾಗ ಕಿಡ್ನಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಮೂರೂ ಸೇರಿದಾಗ, ಅದರಲ್ಲೂ ವಯಸ್ಸಾದವರಲ್ಲಿ, ಕೆಲವೇ ದಿನಗಳಲ್ಲಿ ಕೈಕೊಡಬಹುದು. ಇದಲ್ಲದೆ ಡೈಕ್ಲೋಫೆನಾಕ್ ಉಪ್ಪು ಮತ್ತು ನೀರನ್ನು ದೇಹದಲ್ಲೇ ಹಿಡಿದಿಡುತ್ತದೆ. ನಿಮ್ಮ ಪಾದ ಊದುವುದಕ್ಕೂ ಬಿಪಿ ಏರುವುದಕ್ಕೂ ಅದೇ ಕಾರಣ ಇರಬಹುದು.

(ಒಂದು ಅಡ್ಡ ಮಾತು. ದಕ್ಷಿಣ ಏಷ್ಯಾದಲ್ಲಿ ರಣಹದ್ದುಗಳು ಸಾಮೂಹಿಕವಾಗಿ ಸತ್ತಿದ್ದು ಈ ಡೈಕ್ಲೋಫೆನಾಕ್‌ನಿಂದಲೇ. ಔಷಧಿ ಕೊಟ್ಟಿದ್ದ ದನಗಳ ಹೆಣ ತಿಂದು ಅವುಗಳ ಕಿಡ್ನಿ ನಿಂತುಹೋಯಿತು. ದನಗಳಿಗೆ ಅದನ್ನು ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಮನುಷ್ಯರ ಕಿಡ್ನಿ ಹದ್ದಿನದ್ದಕ್ಕಿಂತ ಗಟ್ಟಿ, ಹೆದರಬೇಡಿ. ಆದರೂ ಯಾರಾದರೂ "ಬರೀ ನೋವಿನ ಮಾತ್ರೆ ತಾನೇ" ಅಂದಾಗ ನನಗೆ ಆ ಹದ್ದುಗಳು ನೆನಪಾಗುತ್ತವೆ.)

ಮಾಡಬೇಕಾದದ್ದು: ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ಇದನ್ನು ಥಟ್ಟನೆ ಬಿಟ್ಟರೆ ತೊಂದರೆ ಇಲ್ಲ, ನೋವು ಮರಳಬಹುದು ಅಷ್ಟೆ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಎರಡು ಮೂರು ದಿನದೊಳಗೆ ಡಾಕ್ಟರನ್ನು ಕಂಡು ನಾಲ್ಕು ತಿಂಗಳ ಲೆಕ್ಕವನ್ನು ಮುಚ್ಚಿಡದೆ ಹೇಳಿ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವುದು ಇದು), ಪೊಟ್ಯಾಸಿಯಂ, ಹಿಮೋಗ್ಲೋಬಿನ್ ನೋಡಿಸಿ. ಮೂತ್ರ ಕಡಿಮೆಯಾದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಎರಡು ದಿನ ಕಾಯುವುದು ಬೇಡ, ಆಗಲೇ ಹೊರಡಿ. ಇನ್ನು ಮುಂದೆ ವಾಂತಿ ಭೇದಿ ಆದ ದಿನ ಈ ಗುಂಪಿನ ಯಾವ ಮಾತ್ರೆಯನ್ನೂ ಮುಟ್ಟಬೇಡಿ.

ಮಂಡಿಯ ಕಥೆ ಏನು ಅಂತೀರಾ? ಮೊದಲು ಜೆಲ್ ಹಚ್ಚಿ ನೋಡಿ, ಅದರ ವಿವರ ಕೆಳಗಿದೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಎತ್ತಿ ಐದು ಎಣಿಸಿ ಇಳಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಬೇಜಾರಿನ ಕೆಲಸ, ಆದರೆ ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ. ತೂಕ ಜಾಸ್ತಿ ಇದ್ದರೆ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಪ್ರಶ್ನೆ: ಊಟ ಆದ ಮೇಲೆ ತಗೊಂಡರೆ ಹೊಟ್ಟೆಗೆ ಏನೂ ಆಗಲ್ಲ ಅಲ್ವಾ? ಇಂಜೆಕ್ಷನ್ ಆದರೆ ಇನ್ನೂ ಒಳ್ಳೆಯದಾ?

ಉತ್ತರ: ನಾನೂ ಹಾಗೇ ನಂಬಿದ್ದೆ. ಫಾರ್ಮಸಿಸ್ಟ್ ಆಗಿದ್ದೂ ನಂಬಿದ್ದೆ ಅನ್ನುವುದು ನಾಚಿಕೆ.

ಆರು ವರ್ಷದ ಹಿಂದಿನ ಮಾತು. ಹೆಬ್ಬೆರಳಿಗೆ ನ್ಯಾಪ್ರೊಕ್ಸೆನ್ ತಗೊಳ್ಳುತ್ತಿದ್ದೆ. ನಡುವೆ ಹಲ್ಲು ಕೀಳಿಸಿದೆ. ಹಲ್ಲಿನವರು ಒಂದು ಮಾತ್ರೆ ಬರೆದರು, ಹೆಸರು ಬೇರೆ, ಬಣ್ಣ ಬೇರೆ. ಅದರೊಳಗಿದ್ದದ್ದು ಐಬುಪ್ರೊಫೆನ್. ನಾನು ಕೌಂಟರಿನಲ್ಲಿ ಸಾವಿರ ಜನಕ್ಕೆ "ಬೇರೆ ಏನು ತಗೊಳ್ತಿದ್ದೀರಿ" ಅಂತ ಕೇಳಿದವಳು. ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಒಂಬತ್ತು ದಿನ ಎರಡನ್ನೂ ನುಂಗಿದೆ, ತಪ್ಪದೆ ಊಟ ಆದ ಮೇಲೆಯೇ. ಹೊಟ್ಟೆ ನೋವು ಒಂದು ಚೂರೂ ಇರಲಿಲ್ಲ. ಹತ್ತನೇ ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿತ್ತು. ಹಿಂದಿನ ವರ್ಷ 12.4 ಇದ್ದ ಹಿಮೋಗ್ಲೋಬಿನ್ 8.1ಕ್ಕೆ ಬಂದಿತ್ತು. ಎಂಡೋಸ್ಕೋಪಿ ಮಾಡಿದರೆ ಹೊಟ್ಟೆಯೊಳಗೆ ಹುಣ್ಣು.

ವಿಷಯ ಇಷ್ಟೆ. ಊಟದ ಜೊತೆ ತಗೊಂಡರೆ ಉರಿ, ಹೊಟ್ಟೆ ತೊಳಸುವುದು ಕಡಿಮೆ ಆಗಬಹುದು. ಹುಣ್ಣಾಗುವುದು ಮಾತ್ರೆ ಹೊಟ್ಟೆಗೆ ತಾಗಿದ್ದರಿಂದ ಮಾತ್ರ ಅಲ್ಲ. ರಕ್ತಕ್ಕೆ ಸೇರಿ, ಅಲ್ಲಿಂದ ಮರಳಿ ಬಂದು, ಒಳಪದರ ಕಾಯುವ ಪ್ರೊಸ್ಟಗ್ಲಾಂಡಿನ್ ಅನ್ನೇ ನಿಲ್ಲಿಸುತ್ತದೆ. ಇಂಜೆಕ್ಷನ್ ಆದರೂ, ಗುದದ್ವಾರದಲ್ಲಿ ಇಡುವ ಮಾತ್ರೆಯಾದರೂ ಕಥೆ ಅದೇ. ಮೇಲೆ ಕೋಟಿಂಗ್ ಇರುವ ಮಾತ್ರೆಗೂ ಅದೇ. ಅಂದ ಹಾಗೆ ಆ ಕೋಟಿಂಗ್ ಮಾತ್ರೆಯನ್ನು ಮುರಿದು, ಪುಡಿ ಮಾಡಿ ತಗೊಳ್ಳಬೇಡಿ.

ನಿಜವಾಗಿ ಕಾಪಾಡುವುದು ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್ ಥರದ ಮಾತ್ರೆ. ಬೆಳಗ್ಗೆ ತಿನ್ನುವುದಕ್ಕೆ ಅರ್ಧ ಗಂಟೆ ಮೊದಲು. 65 ದಾಟಿದವರು, ಹಿಂದೆ ಹುಣ್ಣಾದವರು, ಸ್ಟೆರಾಯ್ಡ್, ರಕ್ತ ತೆಳು ಮಾಡುವ ಮಾತ್ರೆ, ಖಿನ್ನತೆಗೆ ಕೊಡುವ ಸರ್ಟ್ರಲೀನ್‌ನಂಥ ಮಾತ್ರೆ ತಗೊಳ್ಳುವವರು ಇದನ್ನು ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ. ಹಿಂದೆ ಹುಣ್ಣಾಗಿದ್ದರೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯಾ ಅಂತಲೂ ನೋಡಿಸಬೇಕು. ಆದರೆ ಗ್ಯಾಸ್ ಮಾತ್ರೆ ಇದೆಯಲ್ಲ ಅಂತ ಧೈರ್ಯವಾಗಿ ನುಂಗುತ್ತಾ ಹೋಗಬೇಡಿ. ಅದು ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನು, ಹೃದಯವನ್ನು ಕಾಯುವುದಿಲ್ಲ.

ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ. ಅದು ಹಸಿರು ಮಿಶ್ರಿತ ಕಪ್ಪು, ಗಟ್ಟಿ. ರಕ್ತ ಹೋದದ್ದಾದರೆ ಹೊಳೆಯುವ ಕಪ್ಪು, ಅಂಟು, ಕೆಟ್ಟ ವಾಸನೆ. ಗೊತ್ತಾಗದಿದ್ದರೆ ಯೋಚಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾನು ಟೈಲರ್. ಎರಡೂ ಹೆಬ್ಬೆರಳು ನೋವು. ಜೆಲ್ ಹಚ್ಚಿದೆ, ಏನೂ ಉಪಯೋಗ ಆಗಲಿಲ್ಲ. ಮಾತ್ರೆಯೇ ಗತಿಯಾ?

ಉತ್ತರ: ಬನ್ನಿ, ನಾವಿಬ್ಬರೂ ಒಂದೇ ದೋಣಿಯವರು. ಎಷ್ಟು ಹಚ್ಚಿದಿರಿ? ನನ್ನ ಅನುಭವದಲ್ಲಿ ಜೆಲ್ ಸೋಲುವುದು ಕಡಿಮೆ, ನಾವು ಅದನ್ನು ಕಾಡಿಗೆ ಹಚ್ಚಿದ ಹಾಗೆ ಹಚ್ಚುವುದು ಜಾಸ್ತಿ. ಶೇಕಡಾ 1ರ ಡೈಕ್ಲೋಫೆನಾಕ್ ಜೆಲ್ ಆದರೆ ಕೈಗೆ ಒಂದು ಸಲಕ್ಕೆ 2 ಗ್ರಾಂ, ದಿನಕ್ಕೆ ನಾಲ್ಕು ಸಲ. ಮಂಡಿಗಾದರೆ 4 ಗ್ರಾಂ. 2 ಗ್ರಾಂ ಅಂದರೆ ಟ್ಯೂಬಿನಿಂದ ಹಿಂಡಿದ ಗೆರೆ ಎರಡೂಕಾಲು ಇಂಚು ಉದ್ದ ಇರಬೇಕು. ನಿಮ್ಮ ಹತ್ತಿರ ಟೇಪ್ ಇದ್ದೇ ಇದೆಯಲ್ಲ, ಒಮ್ಮೆ ಅಳೆದು ನೋಡಿ, ಆಶ್ಚರ್ಯ ಆಗುತ್ತದೆ. ಜೆಲ್‌ನಲ್ಲಿ ಬೇರೆ ಬೇರೆ ಶಕ್ತಿಯವು ಇವೆ, ಶೇಕಡಾವಾರು ನೋಡಿ, ಅದಕ್ಕೆ ಕೊಟ್ಟ ಅಳತೆಯನ್ನೇ ಅನುಸರಿಸಿ.

ಹಚ್ಚಿ, ಮೆಲ್ಲಗೆ ಉಜ್ಜಿ, ಹತ್ತು ನಿಮಿಷ ಆರಲು ಬಿಡಿ, ಆಮೇಲೆ ಬಟ್ಟೆ ಮುಟ್ಟಿ. ಒಂದು ಗಂಟೆ ಕೈ ತೊಳೆಯಬೇಡಿ, ಅಷ್ಟು ಹೊತ್ತು ಕಣ್ಣು ಬಾಯಿಯನ್ನೂ ಮುಟ್ಟಬೇಡಿ. (ಮಂಡಿಗೆ ಹಚ್ಚುವವರು ಕೂಡಲೇ ಕೈ ತೊಳೆದುಕೊಳ್ಳಿ.) ಸೂಜಿ ಚುಚ್ಚಿದ ಗಾಯದ ಮೇಲೆ ಹಚ್ಚಬಾರದು. ಹಚ್ಚಿದ ಮೇಲೆ ಬಿಸಿ ಶಾಖ ಕೊಡುವುದೂ ಬೇಡ. ಎರಡು ಸಲ ಹಚ್ಚಿ ಬಿಟ್ಟುಬಿಟ್ಟರೆ ಗೊತ್ತಾಗುವುದಿಲ್ಲ, ಒಂದೆರಡು ವಾರ ಬಿಡದೆ ಹಚ್ಚಿ. ಮಾತ್ರೆ ನುಂಗಿದಾಗ ರಕ್ತಕ್ಕೆ ಸೇರುವುದರಲ್ಲಿ ಸುಮಾರು ಶೇಕಡಾ 6ರಷ್ಟು ಮಾತ್ರ ಜೆಲ್‌ನಿಂದ ಸೇರುತ್ತದೆ. ಕೈ, ಮಂಡಿಯಂತೆ ಚರ್ಮಕ್ಕೆ ಹತ್ತಿರದ ಕೀಲಿಗೆ ಇದೇ ಮೊದಲ ಆಯ್ಕೆ ಆಗಿರುವುದು ಅದಕ್ಕೇ. ಸೊಂಟದ ಕೀಲು ತೀರಾ ಆಳದಲ್ಲಿದೆ, ಅಲ್ಲಿ ಸುಮ್ನೆ ಟ್ಯೂಬ್ ದಂಡ.

ಹೆಬ್ಬೆರಳಿಗೆ ಕಟ್ಟುವ ಸ್ಪ್ಲಿಂಟ್ ಸಿಗುತ್ತದೆ. ಕೊರಳಪಟ್ಟಿ ಹೊಲಿಯುವಾಗ ಅಡ್ಡಿ ಆಗಬಹುದು, ಕತ್ತರಿ ಹಿಡಿಯುವಾಗ ಮಾತ್ರ ಅದು ದೇವರು. ನಾನು ಕಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ದಿನಾ ಆಸ್ಪಿರಿನ್ 75 ಇದೆ. ಮಂಡಿ ನೋವಿಗೆ ಐಬುಪ್ರೊಫೆನ್ ತಗೊಳ್ಳುತ್ತಾರೆ. ಅದರ ಬದಲು ಎಟೊರಿಕಾಕ್ಸಿಬ್ ಹೊಟ್ಟೆಗೆ ಸೇಫ್ ಅಂತ ಸ್ನೇಹಿತರು ಹೇಳಿದರಂತೆ. ಬದಲಾಯಿಸಬಹುದಾ?

ಉತ್ತರ: ಬೇಡ. ಐಬುಪ್ರೊಫೆನ್ ಕೂಡ ಬೇಡ.

ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ರಕ್ತಕಣಗಳಲ್ಲಿ ಒಂದು ಜಾಗ ಹಿಡಿದು ಕೂರಬೇಕು. ಒಮ್ಮೆ ಕೂತರೆ ಆ ಪ್ಲೇಟ್‌ಲೆಟ್ ಬದುಕಿರುವ ಎಂಟು ಹತ್ತು ದಿನವೂ ಏಳುವುದಿಲ್ಲ. ಐಬುಪ್ರೊಫೆನ್ ಮೊದಲೇ ಹೋಗಿ ಸೀಟಿಗೆ ಕರ್ಚೀಫ್ ಹಾಕಿಬಿಟ್ಟರೆ ಆಸ್ಪಿರಿನ್‌ಗೆ ಜಾಗ ಇಲ್ಲ. ಆಸ್ಪಿರಿನ್ ರಕ್ತದಲ್ಲಿ ಹೆಚ್ಚು ಹೊತ್ತು ಕಾಯುವುದೂ ಇಲ್ಲ. ಐಬುಪ್ರೊಫೆನ್ ಕೆಲವು ಗಂಟೆಯಲ್ಲಿ ಎದ್ದು ಹೋಗುತ್ತದೆ. ಕಡೆಗೆ ಸೀಟು ಖಾಲಿ, ಸ್ಟೆಂಟಿಗೆ ಕಾವಲಿಲ್ಲ. ಎಂದೋ ಒಂದು ದಿನ ತಗೊಳ್ಳಲೇಬೇಕಾದವರಿಗೆ ಹೇಳುವ ಲೆಕ್ಕ ಹೀಗಿದೆ: ಕೋಟಿಂಗ್ ಇಲ್ಲದ ಆಸ್ಪಿರಿನ್ ತಗೊಂಡು ಕನಿಷ್ಠ ಅರ್ಧ ಗಂಟೆಯ ನಂತರ ಐಬುಪ್ರೊಫೆನ್, ಇಲ್ಲವಾದರೆ ಆಸ್ಪಿರಿನ್ ತಗೊಳ್ಳುವುದಕ್ಕೆ ಎಂಟು ತಾಸಿಗೂ ಹೆಚ್ಚು ಮೊದಲು. ದಿನಾ ತಗೊಳ್ಳುವವರಿಗೆ ಈ ಲೆಕ್ಕ ನಿಲ್ಲುವುದಿಲ್ಲ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯವೂ ಜಾಸ್ತಿ.

ಎಟೊರಿಕಾಕ್ಸಿಬ್ ಹೊಟ್ಟೆಗೆ ಸ್ವಲ್ಪ ಮೃದು ಅನ್ನುವುದು ನಿಜ. ಅದರದ್ದೇ ಬಳಗದ ರೊಫೆಕಾಕ್ಸಿಬ್ ಕೂಡ ಹಾಗೇ ಹೊಗಳಿಸಿಕೊಂಡು 1999ರಲ್ಲಿ ಮಾರುಕಟ್ಟೆಗೆ ಬಂತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಆಗುತ್ತಿರುವುದು ಕಂಡು 2004ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ವಾಪಸ್ ತಗೊಂಡಿತು. ಆಮೇಲೆ ಹಳೆಯ ಮಾತ್ರೆಗಳನ್ನೂ ಕೆದಕಿ ನೋಡಿದರು. ಡೈಕ್ಲೋಫೆನಾಕ್ ಕೂಡ ಸಾಚಾ ಅಲ್ಲ ಅಂತ ಗೊತ್ತಾಯಿತು. ಈ ಅಪಾಯ ಮೊದಲ ಕೆಲವು ವಾರಗಳಲ್ಲೇ ಶುರುವಾಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿತು. ಹೃದಯದ ಕಾಯಿಲೆ ಇದ್ದವರಿಗೆ ಎಟೊರಿಕಾಕ್ಸಿಬ್ ಕೊಡುವಂತಿಲ್ಲ. ಬಿಪಿ 140/90ರ ಮೇಲೇ ನಿಂತಿದ್ದರೂ ಕೊಡುವಂತಿಲ್ಲ.

ಅಪ್ಪನಿಗೆ ಜೆಲ್, ವ್ಯಾಯಾಮ, ಬೇಕಾದಾಗ ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ಹೃದಯದ ಡಾಕ್ಟರನ್ನು ಕೇಳಿ. ಸಾಲದಿದ್ದರೆ ಮಂಡಿಯೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬಹುದಾ ಅಂತ ಮೂಳೆ ಡಾಕ್ಟರು ನೋಡುತ್ತಾರೆ. ಏನೇ ಆದರೂ ಆಸ್ಪಿರಿನ್ ನಿಲ್ಲಿಸಬೇಡಿ.

ಪ್ರಶ್ನೆ: ಪ್ಯಾರಾಸಿಟಮಾಲ್ ಕೂಡ ಇದೇ ಗುಂಪಿನದ್ದಲ್ವಾ?

ಉತ್ತರ: ಅಲ್ಲ. ನೋವು, ಜ್ವರ ಇಳಿಸುತ್ತದೆ, ಊತ ಇಳಿಸುವುದಿಲ್ಲ. ಹೊಟ್ಟೆ, ಕಿಡ್ನಿಗೆ ಸೌಮ್ಯ, ಆದರೆ ಮಿತಿ ಮೀರಿದರೆ ಲಿವರ್ ಕೆಡುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ. ಸಣಕಲು ದೇಹದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆ. ನೆಗಡಿ ಮಾತ್ರೆಯೊಳಗೂ ಇದು ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಂಡಿ ಸವೆತಕ್ಕೆ ಇದರಿಂದ ಸಿಗುವ ಆರಾಮ ಅಷ್ಟಕ್ಕಷ್ಟೇ ಅಂತಲೂ ಹೇಳಿಬಿಡುತ್ತೇನೆ.

ಪ್ರಶ್ನೆ: ನನಗೆ 29. ರುಮಟಾಯ್ಡ್ ಆರ್ಥ್ರೈಟಿಸ್. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ ನ್ಯಾಪ್ರೊಕ್ಸೆನ್. ನ್ಯಾಪ್ರೊಕ್ಸೆನ್ ತಗೊಂಡ ದಿನ ಹಾಯಾಗಿರುತ್ತೇನೆ. ಮೆಥೋಟ್ರೆಕ್ಸೇಟ್‌ನಿಂದ ವಾಕರಿಕೆ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಅದನ್ನು ಬಿಟ್ಟುಬಿಡಲಾ? ಮುಂದಿನ ವರ್ಷ ಮಗು ಬೇಕು ಅಂತಲೂ ಇದೆ.

ಉತ್ತರ: ಮಗಳೇ, ನಿಮಗೆ ಹಾಯೆನಿಸುವ ಮಾತ್ರೆ ಗಂಟೆ ಬಾರಿಸುವುದನ್ನು ನಿಲ್ಲಿಸುತ್ತದೆ, ಬೆಂಕಿ ಆರಿಸುವುದಿಲ್ಲ. ನಿಮ್ಮದು ಸವೆತದ ಕಾಯಿಲೆ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬಿದ್ದಿದೆ. ನ್ಯಾಪ್ರೊಕ್ಸೆನ್ ತಗೊಂಡು ಆರಾಮಾಗಿದ್ದಾಗಲೂ ಒಳಗೆ ಮೂಳೆ ತಿನ್ನುವ ಕೆಲಸ ನಡೆದೇ ಇರುತ್ತದೆ. ಅದನ್ನು ನಿಧಾನ ಮಾಡುವುದು ಮೆಥೋಟ್ರೆಕ್ಸೇಟ್. ಅದರ ಫಲ ಕಾಣಲು ವಾರಗಳೇ ಬೇಕು, ಕೆಲವರಿಗೆ ಎರಡು ಮೂರು ತಿಂಗಳು. ವಾಕರಿಕೆಗೆ ಫೋಲಿಕ್ ಆಸಿಡ್ ಕೊಡುತ್ತಿದ್ದಾರಾ ಕೇಳಿ. ಇಂಜೆಕ್ಷನ್ ರೂಪಕ್ಕೆ ಬದಲಾಯಿಸುವುದೂ ಉಂಟು.

ಎರಡನ್ನೂ ಒಟ್ಟಿಗೆ ಕೊಡುವುದು ರೂಢಿ. ಆದರೆ ಕಿಡ್ನಿ ಸ್ವಲ್ಪ ಮಂದವಾದರೂ ಮೆಥೋಟ್ರೆಕ್ಸೇಟ್ ದೇಹದಲ್ಲೇ ಉಳಿದುಕೊಳ್ಳುತ್ತದೆ. ರಕ್ತ ಪರೀಕ್ಷೆ ತಪ್ಪಿಸಬೇಡಿ. ಬೆಳಗಿನ ಬಿಗಿತವೇ ಜಾಸ್ತಿ ಅಂತಾದರೆ ನ್ಯಾಪ್ರೊಕ್ಸೆನ್‌ನ ಒಂದು ಹೊತ್ತು ರಾತ್ರಿಗೆ ಬರುವ ಹಾಗೆ ಡಾಕ್ಟರ ಹತ್ತಿರ ಹೊಂದಿಸಿಕೊಳ್ಳಿ. ಐಬುಪ್ರೊಫೆನ್‌ನಂತೆ ಬೇಗ ಇಳಿಯುವಂಥದ್ದಲ್ಲ ಅದು, ಬೆಳಗಿನವರೆಗೂ ಇರುತ್ತದೆ.

ಮಗುವಿನ ವಿಷಯ ಮುಖ್ಯ. ಮೆಥೋಟ್ರೆಕ್ಸೇಟ್ ಇರುವಾಗ ಗರ್ಭ ನಿಲ್ಲಬಾರದು, ಭ್ರೂಣಕ್ಕೆ ಹಾನಿ. ಎಷ್ಟು ಮೊದಲು ನಿಲ್ಲಿಸಬೇಕು, ಬದಲಿಗೆ ಯಾವುದು ಅಂತ ಈಗಲೇ ಮಾತಾಡಿ, ಅಲ್ಲಿಯವರೆಗೆ ಎಚ್ಚರ ಇರಲಿ. ನ್ಯಾಪ್ರೊಕ್ಸೆನ್ ಗುಂಪಿನದ್ದನ್ನೂ 20ನೇ ವಾರದ ನಂತರ ತಗೊಳ್ಳಬಾರದು ಅಂತ ಎಫ್‌ಡಿಎ 2020ರಲ್ಲಿ ಹೇಳಿದೆ. ಮಗುವಿನ ಕಿಡ್ನಿಗೆ ಪೆಟ್ಟಾಗಿ ಗರ್ಭದ ನೀರು ಕಡಿಮೆಯಾಗಬಹುದು.

ಪ್ರಶ್ನೆ: ಅಸ್ತಮಾ ಇದೆ. ನೋವಿನ ಮಾತ್ರೆ ತಗೊಂಡರೆ ಮೂಗು ಕಟ್ಟುತ್ತದೆ. ಸಂಬಂಧ ಇದೆಯಾ?

ಉತ್ತರ: ಇರಬಹುದು. ಕೆಲವು ಅಸ್ತಮಾ ರೋಗಿಗಳಿಗೆ ಆಸ್ಪಿರಿನ್ ಮತ್ತು ಈ ಗುಂಪಿನ ಮಾತ್ರೆ ಆಗುವುದಿಲ್ಲ. ಮೊದಲು ಮೂಗು, ಆಮೇಲೆ ಎದೆ. ಮುಂದಿನ ಸಲ ಮೂಗಿಗೇ ನಿಲ್ಲುತ್ತದೆ ಅಂತ ಗ್ಯಾರಂಟಿ ಇಲ್ಲ. ಇನ್ನು ತಗೊಳ್ಳಬೇಡಿ, ಡಾಕ್ಟರಿಗೆ ಹೇಳಿ, ಮಾತ್ರೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಕತ್ತರಿಸಿ ಕೊಟ್ಟ ಸ್ಟ್ರಿಪ್ ತುಂಡಿನಲ್ಲಿ ಹೆಸರೇ ಇರುವುದಿಲ್ಲ (ಎಷ್ಟೋ ಸಲ ಕತ್ತರಿಸಿದವಳು ನಾನೇ, ಕ್ಷಮಿಸಿ). ಕೊಡುವಾಗಲೇ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಒಬ್ಬರು ಕೀಲು ನೋವಿಗೆ ಪೊಟ್ಟಣದಲ್ಲಿ ಪುಡಿ ಕೊಡುತ್ತಾರೆ. ಬರೀ ಬೇರು, ಎಲೆ ಅಂತಾರೆ. ಅಮ್ಮನಿಗೆ ಎರಡೇ ದಿನದಲ್ಲಿ ನೋವು ಮಾಯ. ಎಂಟು ತಿಂಗಳಿಂದ ತಗೊಳ್ಳುತ್ತಿದ್ದಾರೆ. ಈಗ ಮುಖ ದುಂಡಗಾಗಿದೆ, ಶುಗರ್ ಕಾಣಿಸಿಕೊಂಡಿದೆ. ನಿಮ್ಮ ಅಂಕಣ ಓದಿ ಇವತ್ತೇ ನಿಲ್ಲಿಸೋಣ ಅಂತಿದ್ದೇವೆ.

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಬೇಡಿ. ಮೇಲೆ ಶಿಕ್ಷಕಿಯವರಿಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಎರಡೇ ದಿನದಲ್ಲಿ ಮಾಯ, ದುಂಡು ಮುಖ, ಹೊಸದಾಗಿ ಶುಗರ್. ಇಷ್ಟು ಕೇಳಿದರೆ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿರುವ ಅನುಮಾನ ಬರುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್, ಡೈಕ್ಲೋಫೆನಾಕ್ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ. ಹೊರಗಿನಿಂದ ತಿಂಗಳುಗಟ್ಟಲೆ ಸ್ಟೆರಾಯ್ಡ್ ಬಂದರೆ ದೇಹ ತನ್ನದನ್ನು ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು, ವಾಂತಿ, ನಿತ್ರಾಣ, ಜೀವಕ್ಕೇ ಅಪಾಯ. ನಾಳೆ ಬೆಳಗ್ಗೆ ಅಮ್ಮನ ಜೊತೆ ಉಳಿದ ಪೊಟ್ಟಣಗಳನ್ನೂ ತಗೊಂಡು ಡಾಕ್ಟರ ಹತ್ತಿರ ಹೋಗಿ. ಅವರು ಲೆಕ್ಕ ಹಾಕಿ ಹಂತ ಹಂತವಾಗಿ ಇಳಿಸುತ್ತಾರೆ. ಅಮ್ಮನಿಗೆ ಬಯ್ಯಬೇಡಿ. ಪೊಟ್ಟಣದಲ್ಲಿ ತಿರುಗಿಸಿ ಓದಲು ಏನೂ ಬರೆದಿರಲಿಲ್ಲ.